ಕೋಳಿ, ನಾಯಿಗಳ ಸ್ವರ್ಗಾರೋಹಣ ಹೊಗಳಿಕೆಯಲ್ಲ

‘ಒಬ್ಬ ತಾವೋ (ಚೀನೀ ಚಿಂತನೆಯ ಪರಮ ಮಾರ್ಗ) ಸಿದ್ಧಿ ಪಡೆದರೆ ಅವನ ಮನೆಯ ಕೋಳಿ, ನಾಯಿಗಳೂ ಸ್ವರ್ಗಕ್ಕೇರುತ್ತವೆ’ ಎಂಬ ಚೀನೀ ನುಡಿಗಟ್ಟನ್ನು ಲೇಖನವೊಂದರಲ್ಲಿ ಅದರ ಲೇಖಕರು, ಒಬ್ಬನ ಏಳಿಗೆಯಲ್ಲಿ ಮನೆಯವರೆಲ್ಲ ಪಾಲುಗೊಳ್ಳುವ ಕುಟುಂಬವಾತ್ಸಲ್ಯದ ಹೊಗಳಿಕೆಯೆಂದು ಓದಿರುವುದನ್ನು ನಾನು ಒಪ್ಪಲಾರೆ. ಇಂದಿನ ಬಳಕೆಯಲ್ಲಿ ಅದು ವ್ಯಂಗ್ಯವೇ. ಅಧಿಕಾರಸ್ಥನ ಬೆನ್ನು ಹಿಡಿದು ಮೇಲೇರಿದ ನೆಂಟರಿಷ್ಟರನ್ನು ಯಾವುದಕ್ಕೆ ಹೋಲಿಸಲಾಗಿದೆ ಎಂಬುದನ್ನು ಗಮನಿಸಿದ್ದರೂ ಸಾಕಿತ್ತು.

ಈ ನುಡಿಗಟ್ಟಿನ ಹಿಂದಿರುವ ಕಥೆಯ ನಾಯಕ ಹಾನ್ ರಾಜವಂಶದ ಲಿಯು ಆನ್, ಹುವಾಯ್‌ನಾನ್ ಪ್ರಾಂತ್ಯದ ದೊರೆ. ಅವನು ಮನೆಮಂದಿ, ಸಾಕುಪ್ರಾಣಿಗಳ ಸಮೇತ ಸ್ವರ್ಗಕ್ಕೆ ಹೋದನೆಂಬ ಮಾತನ್ನು ಕ್ರಿ.ಶ. ಮೊದಲ ಶತಮಾನದಲ್ಲೇ ವಾಂಗ್ ಚುಂಗ್ ಎಂಬ ಚಿಂತಕ ಸುಳ್ಳೆಂದು ತಳ್ಳಿಹಾಕಿದ್ದ. ಇತಿಹಾಸದ ದಾಖಲೆ ಹೇಳುವಂತೆ, ಚಕ್ರವರ್ತಿ ವೂ ವಿರುದ್ಧ ದಂಗೆಯ ಸಂಚು ಹೂಡಿದ ಆರೋಪಕ್ಕೆ ಗುರಿಯಾದ ಲಿಯು ಆನ್ ಕ್ರಿ.ಪೂ. 122ರಲ್ಲಿ ಆತ್ಮಹತ್ಯೆ ಮಾಡಿಕೊಂಡ. ಅವನ ರಾಣಿ, ಯುವರಾಜ ಮತ್ತು ಸಂಚಿನಲ್ಲಿದ್ದವರೆಲ್ಲ ಮರಣದಂಡನೆಗೆ ಒಳಗಾದರು. ಪದವಿಯ ಫಲವನ್ನು ಹಂಚಿಕೊಂಡ ಮನೆಯೇ ಅದರ ಶಿಕ್ಷೆಯನ್ನೂ ಹಂಚಿಕೊಳ್ಳಬೇಕಿದ್ದ ಆ ವ್ಯವಸ್ಥೆಯ ಬಗ್ಗೆ ಲೇಖನದಲ್ಲಿ ಒಂದು ಸಾಲೂ ಇಲ್ಲ.

ಲೇಖಕರ ವಾದಕ್ಕೆ ನಿಜವಾಗಿ ಒದಗುವ ನುಡಿಗಟ್ಟು ಬೇರೆ ಇದೆ: ‘ಫೆಂಗ್ ಛಿ ಯಿನ್ ತ್ಸ’, ಅಂದರೆ ಹೆಂಡತಿಗೆ ಬಿರುದು, ಮಗನಿಗೆ (ತಂದೆಯ ಪದವಿಯ) ನೆರಳು. ಇದು ಬರೀ ಅಲಂಕಾರದ ಮಾತಲ್ಲ. ರಾಜಸೇವೆಗೆ ಆಯ್ಕೆ ಮಾಡುವ ಪರೀಕ್ಷೆಗಳಿಗೇ ಹೆಸರಾದ ಸೊಂಗ್ ವಂಶದ ಆಳ್ವಿಕೆಯಲ್ಲೂ (ಕ್ರಿ.ಶ. 960–1279) ಹಿರಿಯ ಅಧಿಕಾರಿಗಳ ಮಕ್ಕಳು, ಕೆಲವೊಮ್ಮೆ ದೂರದ ಬಂಧುಗಳು ಕೂಡ, ಪರೀಕ್ಷೆ ಬರೆಯದೆಯೇ ಈ ‘ನೆರಳಿನ’ ಹಕ್ಕಿನಿಂದ ರಾಜಸೇವೆಗೆ ಸೇರಬಹುದಿತ್ತು. ಅದು ಕಾನೂನೇ ಒಪ್ಪಿದ ಸವಲತ್ತಾದ್ದರಿಂದ ಅಲ್ಲಿ ಕೋಳಿ, ನಾಯಿಗಳ ಪ್ರಸ್ತಾಪ ಬರಲಿಲ್ಲ.