ಮೊದಲು ಟೇಪು ಹಿಡಿಯಿರಿ, ಕ್ಯಾಮೆರಾ ಆಮೇಲೆ

ಕಳೆದ ವಾರ ಫೋನ್ ಮಾಡಿದ ಭಾವ ಕ್ಷೇಮಸಮಾಚಾರ ಮುಗಿಯುವ ಮುನ್ನವೇ ವಿಷಯಕ್ಕೆ ಬಂದರು. "ಚಂದ್ರನ ಮೇಲಿನ ಕುಳಿಗಳನ್ನೂ ಎಣಿಸಬಹುದಂತಲ್ಲ, ಆ ನಿಕಾನ್ ಪಿ1000, ಅದನ್ನೇ ತೆಗೆದುಕೊಳ್ಳೋಣ ಎಂದಿದ್ದೇನೆ. ಹಿತ್ತಲಿಗೆ ಬರುವ ಹಕ್ಕಿಗಳಿಗೆ ಸಾಕಾಗುತ್ತದಲ್ಲವೇ?"

ಸಾಕಾಗುವುದೇನು, ಮಿಗುತ್ತದೆ. ತೊಂದರೆ ಇರುವುದೇ ಅಲ್ಲಿ. ಅವರು ಆಗಲೇ ನಿರ್ಧಾರ ಮಾಡಿಯಾಗಿತ್ತು. ನನ್ನಿಂದ ಬೇಕಿದ್ದದ್ದು ಒಂದು 'ಹೂಂ' ಮಾತ್ರ. ನಾನು ಹೂಂ ಎನ್ನಲಿಲ್ಲ. "ಭಾವ, ನೀವು ಕೂರುವ ಕಿಟಕಿಯಿಂದ ಹಕ್ಕಿಗಳ ನೀರಿನ ಬಟ್ಟಲಿಗೆ ಎಷ್ಟು ದೂರ?" ಎಂದು ಕೇಳಿದೆ.

"ಹತ್ತಿರವೇ."

"ಹತ್ತಿರ ಎಂದರೆ ಎಷ್ಟು ಮೀಟರ್?"

"ಅದನ್ನೂ ಅಳೆಯಬೇಕೇ?"

"ಅದನ್ನೇ ಅಳೆಯಬೇಕು."

ಫೋನ್ ಇಟ್ಟ ಸದ್ದಿನಲ್ಲೇ ಅವರ ಮುನಿಸು ಕೇಳಿಸಿತು. ಅವರಿಗೆಂದು ಬರೆಯಲು ಕುಳಿತ ಉತ್ತರ ಉದ್ದವಾಯಿತು. ಇದೇ ಪ್ರಶ್ನೆಯನ್ನು ಇನ್ನೂ ನಾಲ್ಕು ಜನ ಕೇಳಿರುವುದರಿಂದ ಇಲ್ಲೇ ಹಾಕುತ್ತಿದ್ದೇನೆ.

ಈ ಮಾತಾಡುವ ಅರ್ಹತೆ ನನಗೆ ಬಂದದ್ದು ತಪ್ಪು ಮಾಡಿ. ಕೆಲವು ವರ್ಷಗಳ ಹಿಂದೆ ಡಬ್ಬದ ಮೇಲಿನ ಅಂಕಿ ನೋಡಿ ದೊಡ್ಡ ಜೂಮ್‌ನ ಕ್ಯಾಮೆರಾ ಒಂದನ್ನು ಕೊಂಡೆ. ಕಂಪನಿಯ ಹೆಸರು ಬೇಡ, ತಪ್ಪು ಅದರದ್ದಲ್ಲ. ಮರುದಿನ ಬೆಳಿಗ್ಗೆ ಕಿಟಕಿಯಾಚೆ ನಾಲ್ಕು ಮೀಟರ್ ದೂರದ ಹೂಗಿಡಕ್ಕೆ ಸೂರಕ್ಕಿ ಬಂತು. ಹೂವಿನ ತೊಟ್ಟನ್ನೇ ಹಿಡಿದು ಜೋತುಬಿದ್ದು, ಕೊಕ್ಕನ್ನು ಒಳಗೆ ತೂರಿಸಿತು. ನಾನು ಜೂಮ್ ಒತ್ತಿದೆ. ಲೆನ್ಸ್ ಗುಂಯ್ ಎನ್ನುತ್ತಾ ಆನೆಯ ಸೊಂಡಿಲಿನಂತೆ ಮುಂದೆ ಚಾಚಿತು. ವ್ಯೂಫೈಂಡರಿನಲ್ಲಿ ಕಂಡದ್ದು ನೇರಳೆ ಬಣ್ಣದ ಒಂದು ಕಲೆ. ಶಟರ್ ಬಟನ್ ಅರ್ಧ ಒತ್ತಿದೆ, ಫೋಕಸ್‌ನ ಚೌಕ ಕೆಂಪಾಯಿತು. ಮತ್ತೆ ಒತ್ತಿದೆ, ಲೆನ್ಸ್ ಹಿಂದೆ ಹೋಗಿ ಮುಂದೆ ಬಂದು, ಮತ್ತೆ ಹಿಂದೆ ಹೋಗಿ, ಕೊನೆಗೆ ಹಿಂದಿನ ಗೋಡೆಯ ಮೇಲೆ ನೆಲೆ ನಿಂತಿತು. ಗೋಡೆಯ ಸುಣ್ಣದ ಬಿರುಕು ಅಷ್ಟು ಸ್ಪಷ್ಟವಾಗಿ ಹಿಂದೆಂದೂ ಕಂಡಿರಲಿಲ್ಲ. ಹಕ್ಕಿ ಹೋಗಿತ್ತು.

ಕಾರಣ ಕೈಪಿಡಿಯ ಕೊನೆಯ ಪುಟಗಳಲ್ಲಿತ್ತು, ಅಂದರೆ ಯಾರೂ ಓದದ ಕಡೆ. ಪೂರ್ತಿ ಜೂಮ್‌ನಲ್ಲಿ ಫೋಕಸ್ ಆಗಲು ಕನಿಷ್ಠ ಇಷ್ಟು ದೂರ ಬೇಕು ಎಂಬ ಒಂದು ಸಾಲು. ನಿಕಾನ್ ಪಿ1000ಕ್ಕೆ ಅದು ಸುಮಾರು 7 ಮೀಟರ್. ಪಿ900 ಮತ್ತು ಪಿ950ಕ್ಕೆ ಸುಮಾರು 5 ಮೀಟರ್. ಸೋನಿ ಆರ್‌ಎಕ್ಸ್10ರ ನಾಲ್ಕನೆಯ ಆವೃತ್ತಿಗೆ 72 ಸೆಂಟಿಮೀಟರ್. ಹಿತ್ತಲಿನ ಹಕ್ಕಿಗೆ ಕ್ಯಾಮೆರಾ ಹುಡುಕುವವರು ಮೊದಲು ನೋಡಬೇಕಾದ ಅಂಕಿ ಇದು. ಜಾಹೀರಾತಿನಲ್ಲಿ ಇದನ್ನು ದಪ್ಪಕ್ಷರದಲ್ಲಿ ಹಾಕಿದ್ದನ್ನು ನಾನಂತೂ ಕಂಡಿಲ್ಲ. ಜೂಮ್ ಹಿಂದಕ್ಕೆ ಎಳೆದುಕೊಂಡರೆ ಹತ್ತಿರದ ಹಕ್ಕಿಗೂ ಫೋಕಸ್ ಆಗುತ್ತದೆ, ನಿಜ. ಆದರೆ ಹಾಗೆ ಎಳೆದುಕೊಂಡ ಮೇಲೆ, 3000 ಮಿ.ಮೀ. ಜೂಮ್ ಎಂದು ಹೊತ್ತು ತಂದ ಪಿ1000ದ 1,415 ಗ್ರಾಂ ಭಾರ ಯಾತಕ್ಕೆ?

ಜೂಮ್ ಇಷ್ಟು ಪಟ್ಟು, ಪಿ1000ದ್ದು 125 ಪಟ್ಟು ಎನ್ನುತ್ತಾರಲ್ಲ, ಆ 'ಪಟ್ಟು'ಗಳ ಲೆಕ್ಕವನ್ನೂ ಬಿಡಿಸಿಬಿಡುತ್ತೇನೆ. 125 ಪಟ್ಟು ಎಂದರೆ ಹಕ್ಕಿ ಕಣ್ಣಿಗೆ ಕಾಣುವುದಕ್ಕಿಂತ 125 ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂದಲ್ಲ. ಲೆನ್ಸಿನ ಅತಿ ಉದ್ದದ ತುದಿಯನ್ನು ಅತಿ ಗಿಡ್ಡ ತುದಿಯಿಂದ ಭಾಗಿಸಿದಾಗ ಬರುವ ಸಂಖ್ಯೆ ಅದು, ಅಷ್ಟೇ. (ಈ ಜೂಮ್ ಮಿ.ಮೀ.ಗಳೆಲ್ಲ ಹಳೆಯ 35 ಮಿ.ಮೀ. ಫಿಲ್ಮ್ ಕ್ಯಾಮೆರಾದ ಲೆಕ್ಕಕ್ಕೆ ಹೊಂದಿಸಿದವು; ಲೆನ್ಸಿನ ನಿಜವಾದ ಫೋಕಲ್ ಲೆಂಗ್ತ್ ಇದಕ್ಕಿಂತ ಕಡಿಮೆ.) ಪಿ1000ದಲ್ಲಿ 24ರಿಂದ 3000 ಮಿ.ಮೀ., ಪಿ950ರಲ್ಲಿ 24ರಿಂದ 2000, ಆದ್ದರಿಂದ 83 ಪಟ್ಟು. ಕ್ಯಾನನ್ ಎಸ್‌ಎಕ್ಸ್70 ಎಚ್‌ಎಸ್ 21ರಿಂದ 1365, ಆದ್ದರಿಂದ 65 ಪಟ್ಟು. ಸೋನಿಯದು 24ರಿಂದ 600, ಬರೀ 25 ಪಟ್ಟು. ಪಕ್ಕಪಕ್ಕದಲ್ಲಿಟ್ಟರೆ ಸೋನಿ ಬಡಪಾಯಿಯಂತೆ ಕಾಣುತ್ತದೆ. ಬೆಲೆ ಕೇಳಿದಾಗ ಮಾತ್ರ ಹಾಗೆ ಅನ್ನಿಸುವುದಿಲ್ಲ.

ಈಗ ಟೇಪಿನ ವಿಷಯ. ಹತ್ತು ಮೀಟರ್ ದೂರದಲ್ಲಿ 3000 ಮಿ.ಮೀ. ಜೂಮ್‌ನ ಚೌಕಟ್ಟಿನಲ್ಲಿ ಹಿಡಿಸುವುದು ಸುಮಾರು 12 ಸೆಂ.ಮೀ. ಅಗಲ. ಗುಬ್ಬಚ್ಚಿಯೇ ಕೊಕ್ಕಿನಿಂದ ಬಾಲದವರೆಗೆ 15 ಸೆಂ.ಮೀ. ದಾಟುತ್ತದೆ. ಅಂದರೆ ಗುಬ್ಬಚ್ಚಿಯ ಬಾಲ ಹೊರಗೆ. ಕಾಗೆಯ ಮಾತು ಬಿಡಿ, ಅದರ ಮುಖಕ್ಕೇ ಆ ಚೌಕಟ್ಟು ಮುಗಿದುಹೋಗುತ್ತದೆ. 2000 ಮಿ.ಮೀ.ಗೆ ಸುಮಾರು 18 ಸೆಂ.ಮೀ., ಗುಬ್ಬಚ್ಚಿ ಇಕ್ಕಟ್ಟಿನಲ್ಲಿ ಕುಳಿತಂತೆ. 600 ಮಿ.ಮೀ.ಗೆ 60 ಸೆಂ.ಮೀ. ಆರು ಮೀಟರಿಗೆ ಬಂದರೆ ಅದೇ 600 ಮಿ.ಮೀ.ಗೆ 36 ಸೆಂ.ಮೀ. ಆಗುತ್ತದೆ. ಸೋನಿಯ ಚಿತ್ರದ ಅಗಲ 5,472 ಪಿಕ್ಸೆಲ್. ಅಲ್ಲಿ ಗುಬ್ಬಚ್ಚಿಗೆ ಸಿಗುವ ಪಾಲು ಹೆಚ್ಚುಕಡಿಮೆ 2,300. ಗರಿಯ ಅಂಚು ಎಣಿಸಲು ಅಷ್ಟು ಧಾರಾಳವಾಗಿ ಸಾಕು.

ಇಷ್ಟಕ್ಕೇ ಮುಗಿಯುವುದಿಲ್ಲ, ಬೆಳಕು ಬೇರೆ ಇದೆ. ಹಿತ್ತಲಿನಲ್ಲಿ ಹಕ್ಕಿಗಳ ಗಲಾಟೆ ಜೋರಾಗಿರುವುದು ಬೆಳಗಿನ ಮೊದಲ ಹೊತ್ತಿನಲ್ಲಿ, ಅದೂ ಎಲೆಗಳ ನೆರಳಿನಲ್ಲಿ. ಆಗ ಪಿ1000ದ ತುದಿ ಜೂಮ್ ಕೊಡುವ ಅಪರ್ಚರ್, ಅಂದರೆ ಬೆಳಕು ಹಾಯುವ ಕಂಡಿ, ಎಫ್/8 (ಅಂಕಿ ದೊಡ್ಡದಾದಷ್ಟೂ ಬೆಳಕು ಕಡಿಮೆ). ಸೋನಿ ತನ್ನ 600ರಲ್ಲಿ ಕೊಡುವುದು ಎಫ್/4. ಬೆಳಕಿನಲ್ಲಿ ನಾಲ್ಕು ಪಟ್ಟು ವ್ಯತ್ಯಾಸ. ಸೋನಿಯಲ್ಲಿ ಸೆಕೆಂಡಿನ 1/500 ಶಟರ್ ವೇಗ ಸಿಗುವಾಗ, ಅದೇ ಐಎಸ್‌ಒದಲ್ಲಿ (ಬೆಳಕಿಗೆ ಕ್ಯಾಮೆರಾ ತೋರುವ ಸೂಕ್ಷ್ಮತೆಯ ಅಂಕಿ) ಪಿ1000ದಲ್ಲಿ ಸಿಗುವುದು 1/125. "ಕೈ ನಡುಕ ತಡೆಯುವ ವ್ಯವಸ್ಥೆ ಇದೆಯಲ್ಲ" ಎನ್ನುತ್ತೀರಿ. ಇದೆ, ಪಿ950ರಲ್ಲಿರುವುದಂತೂ ಅದ್ಭುತವಾಗಿದೆ. ಅದು ನಿಮ್ಮ ಕೈಯನ್ನು ತಡೆಯುತ್ತದೆ, ಹಕ್ಕಿಯ ಕತ್ತನ್ನಲ್ಲ. ಪಿಕಳಾರ ಕುಳಿತಲ್ಲೇ ಕತ್ತು ತಿರುಗಿಸುವ ವೇಗ ನೋಡಿದ್ದೀರಲ್ಲ? ಮೈಯೆಲ್ಲ ಸ್ಪಷ್ಟ, ತಲೆ ಮಾತ್ರ ಒರೆಸಿದಂತೆ. ನನ್ನ ಹಳೆಯ ಕಡತದಲ್ಲಿ ಇಂಥ ತಲೆಯಿಲ್ಲದ ಪಿಕಳಾರಗಳು ನೂರಾರು ಇವೆ.

ಐಎಸ್‌ಒ ಏರಿಸಿದರಾಯಿತು ಎನ್ನುವಂತೆಯೂ ಇಲ್ಲ. ನಿಕಾನ್ ಪಿ ಸಾಲಿನ ಈ ಕ್ಯಾಮೆರಾಗಳಲ್ಲೂ ಕ್ಯಾನನ್ ಎಸ್‌ಎಕ್ಸ್70ರಲ್ಲೂ ಇರುವ, ಬೆಳಕು ಹಿಡಿದು ಚಿತ್ರವಾಗಿಸುವ ಸೆನ್ಸರ್ ಸುಮಾರು 6.2 × 4.6 ಮಿ.ಮೀ., ಕಿರುಬೆರಳಿನ ಉಗುರಿಗಿಂತ ಚಿಕ್ಕದು. ಐಎಸ್‌ಒ 800 ದಾಟಿದರೆ ಗರಿಗಳು ಬಣ್ಣ ಬಳಿದ ಹತ್ತಿಯಂತಾಗುತ್ತವೆ. ಸೋನಿಯಲ್ಲೂ ಪ್ಯಾನಾಸೋನಿಕ್ ಎಫ್‌ಝಡ್1000ದಲ್ಲೂ ಇರುವುದು 'ಒಂದು ಇಂಚಿನ' ಸೆನ್ಸರ್. ಅದರ ನಿಜವಾದ ಅಳತೆ 13.2 × 8.8 ಮಿ.ಮೀ.; ಯಾವ ಬದಿಯಲ್ಲಿ ಅಳೆದರೂ ಇಂಚು ಸಿಗುವುದಿಲ್ಲ. ಹಳೆಯ ಕಾಲದ ಟಿವಿ ಕ್ಯಾಮೆರಾಗಳ ಗಾಜಿನ ಕೊಳವೆಯ ವ್ಯಾಸದಿಂದ ಬಂದ ಹೆಸರು ಅದು, ಕೊಳವೆ ಹೋದರೂ ಹೆಸರು ಉಳಿಯಿತು. ಏನೇ ಇರಲಿ, ಆ ಪುಟ್ಟದಕ್ಕಿಂತ ಸುಮಾರು ನಾಲ್ಕು ಪಟ್ಟು ವಿಸ್ತೀರ್ಣ.

ಇನ್ನೊಂದು ಕಹಿ ಸತ್ಯ. ಪಿ1000ದ 16 ಮೆಗಾಪಿಕ್ಸೆಲ್ ತುದಿ ಜೂಮ್‌ನಲ್ಲಿ ನಿಜವಾಗಿ 16 ಅಲ್ಲ. ಸಣ್ಣ ಕಂಡಿಯ ಮೂಲಕ ಹಾಯುವ ಬೆಳಕು ಹರಡಿಕೊಳ್ಳುತ್ತದೆ. ಶಾಲೆಯಲ್ಲಿ ವಿವರ್ತನೆ ಎಂದು ಓದಿ ಮರೆತದ್ದು ಇದನ್ನೇ. ಎಫ್/8ರಲ್ಲಿ ಒಂದು ಚುಕ್ಕೆಯ ಹಸಿರು ಬೆಳಕು ಸುಮಾರು 10.7 ಮೈಕ್ರಾನ್ ಅಗಲದ ಬಿಲ್ಲೆಯಾಗಿ ಬೀಳುತ್ತದೆ. ಅಲ್ಲಿಯ ಒಂದು ಪಿಕ್ಸೆಲ್‌ನ ಅಗಲ 1.34 ಮೈಕ್ರಾನ್. ಒಂದು ಚುಕ್ಕೆಗೆ ಅಡ್ಡಡ್ಡ ಎಂಟು ಪಿಕ್ಸೆಲ್ ಖರ್ಚು. ಎಷ್ಟೇ ದುಬಾರಿ ಟ್ರೈಪಾಡ್ ಇಟ್ಟರೂ ಇದು ಸರಿಯಾಗುವುದಿಲ್ಲ.

ಇಷ್ಟು ಓದಿದ ಮೇಲೆ ನಾನು ನಿಕಾನ್ ದ್ವೇಷಿ ಎಂದುಕೊಳ್ಳಬೇಡಿ. ನಿಮ್ಮ ಟೇಪು 15 ಮೀಟರ್ ದಾಟಿದರೆ ನನ್ನ ಮಾತು ತಿರುಗುತ್ತದೆ. ಎದುರು ಮರದ ತುದಿಯಲ್ಲಿ, ಕೊಳದಾಚೆಯ ಗೂಟದ ಮೇಲೆ ಮಿಂಚುಳ್ಳಿ ಕೂರುತ್ತದೆ ಎನ್ನುವವರಿಗೆ 600 ಮಿ.ಮೀ. ಕೊಟ್ಟರೆ ಅದು ಅನ್ಯಾಯ. ಇಪ್ಪತ್ತು ಮೀಟರಿನಲ್ಲಿ ಸೋನಿಯ ಗುಬ್ಬಚ್ಚಿಗೆ ಸಿಗುವುದು 700 ಪಿಕ್ಸೆಲ್‌ಗೂ ಕಡಿಮೆ. ಪಿ950ರಲ್ಲಿ 1,900ರ ಆಸುಪಾಸು. ಸ್ವಾರಸ್ಯವೆಂದರೆ, ಆ ದೂರದಲ್ಲಿ ಹಕ್ಕಿಯಿಂದ ಇವೆರಡೂ ಹಿಡಿಯುವ ಬೆಳಕು ಒಂದೇ. ಲೆನ್ಸಿನ ನಿಜವಾದ ಫೋಕಲ್ ಲೆಂಗ್ತನ್ನು ಎಫ್ ಸಂಖ್ಯೆಯಿಂದ ಭಾಗಿಸಿ ನೋಡಿ: ಪಿ950ರದ್ದು 357 ಭಾಗ 6.5, ಸೋನಿಯದು 220 ಭಾಗ 4. ಎರಡಕ್ಕೂ ಉತ್ತರ 55 ಮಿ.ಮೀ. ಎರಡರ ಬಾಯಿಯೂ ಅಷ್ಟೇ ಅಗಲ. ಒಂದು ಆ ಬೆಳಕನ್ನು ದೂರದ ಹಕ್ಕಿಯೊಂದರ ಮೇಲೇ ಸುರಿಯುವಂತೆ ಕಟ್ಟಿದ್ದು, ಇನ್ನೊಂದು ಹತ್ತಿರದ ಹಕ್ಕಿಗೆಂದು ಕಟ್ಟಿದ್ದು. ನನಗೆ ಇದು ಹೊಳೆದ ದಿನ ಯಾವುದು ಮೇಲು ಎಂಬ ಜಗಳದಿಂದ ನಾನು ಎದ್ದು ಬಂದೆ.

2015ರ ಪಿ900 ಈಗಲೂ ಕೈಬದಲಾಗಿ ಸಿಗುತ್ತಿರುತ್ತದೆ. ಅದರಲ್ಲಿ ರಾ ಕಡತ (ಕ್ಯಾಮೆರಾ ತಿದ್ದದೆ ಕೊಡುವ ಮೂಲ ಚಿತ್ರ) ಇಲ್ಲ, ಫ್ಲ್ಯಾಶ್ ಕೂರಿಸುವ ಹಾಟ್ ಶೂ ಇಲ್ಲ. 2020ರಲ್ಲಿ ಬಂದ ಪಿ950 ಎರಡನ್ನೂ ಕೊಟ್ಟಿತು. ಹಾಟ್ ಶೂ ಎಂದರೆ ಫ್ಲ್ಯಾಶ್‌ಗಾಗಿ ಎಂದುಕೊಳ್ಳಬೇಡಿ. ಹಕ್ಕಿಯವರಿಗೆ ಅದು ಬೇಕಾಗುವುದು ಕೆಂಪು ಚುಕ್ಕಿಯ ಗುರಿಗಾಜು ಕೂರಿಸಲು. 2000 ಮಿ.ಮೀ.ನಲ್ಲಿ ಕೊಂಬೆಗಳ ನಡುವೆ ಹಕ್ಕಿ ಹುಡುಕುವುದು ಊದುಗೊಳವೆಯಲ್ಲಿ ಕಣ್ಣಿಟ್ಟು ಸಾಸಿವೆ ಹುಡುಕಿದಂತೆ. ಬರಿಗಣ್ಣಿಗೆ ಢಾಳಾಗಿ ಕಾಣುತ್ತಿದ್ದ ಹಕ್ಕಿ ವ್ಯೂಫೈಂಡರಿನಲ್ಲಿ ಎಲೆ, ಎಲೆ, ಮತ್ತೆ ಎಲೆ. 2014ರಲ್ಲಿ ಒಲಿಂಪಸ್ ಎಸ್‌ಪಿ-100ಇಇ ಎಂಬ ಕ್ಯಾಮೆರಾದಲ್ಲಿ ಈ ಗುರಿಗಾಜನ್ನು ಒಳಗೇ ಕೂರಿಸಿ ಕೊಟ್ಟಿತ್ತು. ಆ ಜಾಣತನವನ್ನು ಎಲ್ಲರೂ ಅನುಸರಿಸಬೇಕಿತ್ತು, ಅನುಸರಿಸಲಿಲ್ಲ. ನಿಕಾನ್‌ನಲ್ಲೂ ಕ್ಯಾನನ್‌ನಲ್ಲೂ ಒತ್ತಿ ಹಿಡಿದರೆ ಜೂಮ್ ತುಸು ಹಿಂದೆ ಸರಿದು, ಬಿಟ್ಟಾಗ ಮರಳುವ ಒಂದು ಬಟನ್ ಇದೆ. ಅದನ್ನು ಬೆರಳಿಗೆ ಅಭ್ಯಾಸ ಮಾಡಿಸಿಕೊಳ್ಳದವರು ದೂರದ ಜೂಮ್ ಕೊಳ್ಳಲೇಬಾರದು ಎಂಬುದು ನನ್ನ ಪಕ್ಕಾ ಅಭಿಪ್ರಾಯ.

ಕ್ಯಾನನ್ ಎಸ್‌ಎಕ್ಸ್70ರ ಬಗ್ಗೆ ಹೆಚ್ಚು ಹೇಳುವುದಿಲ್ಲ. 610 ಗ್ರಾಂ, ಹಗುರ. ಮಣಿಕಟ್ಟು ನೋಯುವವರಿಗೆ, ಯಾವಾಗಲೂ ಕೈಗೆಟಕುವಲ್ಲಿ ಇರಬೇಕು ಎನ್ನುವವರಿಗೆ ಸರಿ. ಮೇಲಿನ ಲೆಕ್ಕದಲ್ಲಿ ಅದರ ಬಾಯಿ 38 ಮಿ.ಮೀ., ಮಂದ ಬೆಳಕಿನಲ್ಲಿ ಆ ಕೊರತೆ ಎದ್ದು ಕಾಣುತ್ತದೆ. ಬೆಲೆಯಿಂದಾಗಿ ಸೋನಿ ಬೇಡ ಎನ್ನುವವರಿಗೆ ನಾನು ಹೇಳುವುದು ಪ್ಯಾನಾಸೋನಿಕ್‌ನ 2014ರ ಎಫ್‌ಝಡ್1000 ಅಥವಾ 2019ರ ಅದರ ಎರಡನೆಯ ಆವೃತ್ತಿ: ಒಂದು ಇಂಚಿನ ಸೆನ್ಸರ್, 400 ಮಿ.ಮೀ.ವರೆಗೆ, ಎಫ್/4. ನಾಲ್ಕೈದು ಮೀಟರಿನ ಹಿತ್ತಲಿಗೆ ಹೇಳಿ ಮಾಡಿಸಿದಂತಿದೆ.

ಹಾರುವ ಹಕ್ಕಿ ಬೇಕು ಎನ್ನುವವರಿಗೆ ಒಂದೇ ಮಾತು. ಪಿ1000 ಸೆಕೆಂಡಿಗೆ 7ರಂತೆ 7 ಚಿತ್ರ ತೆಗೆದು, ಕಾರ್ಡಿಗೆ ಬರೆಯುತ್ತಾ ನಿಂತುಬಿಡುತ್ತದೆ. ರೆಕ್ಕೆ ಬಿಚ್ಚುವುದು ಎಂಟನೆಯ ಚಿತ್ರದಲ್ಲಿ, ಯಾವಾಗಲೂ. ಸೋನಿಯದು ಸೆಕೆಂಡಿಗೆ 24, ಫೋಕಸ್ ಹಿಡಿದುಕೊಂಡೇ. ಈ ವಿಷಯದಲ್ಲಿ ಹೋಲಿಕೆಯೇ ಇಲ್ಲ.

"ಇಷ್ಟೆಲ್ಲ ಯಾಕೆ, ಲೆನ್ಸ್ ಬದಲಿಸುವ ಕ್ಯಾಮೆರಾವನ್ನೇ ಕೊಳ್ಳಬಹುದಲ್ಲ" ಎಂದು ಇಲ್ಲಿ ಬರೆಯುವವರು ಬಂದೇ ಬರುತ್ತಾರೆ. ಕೊಳ್ಳಬಹುದು. ಲೆನ್ಸಿನ ಚೀಲ ಹೆಗಲಿಗೇರಿಸಿಕೊಂಡು ಹಿತ್ತಲಿಗೆ ಹೋಗುವವರನ್ನು ನಾನು ತಡೆಯುವುದಿಲ್ಲ.

ಎರಡು ದಿನ ಬಿಟ್ಟು ಭಾವನ ಫೋನ್ ಬಂತು. ಟೇಪು ಹಿಡಿಯಲು ಅಕ್ಕನನ್ನೂ ಎಳೆದುಕೊಂಡಿದ್ದರಂತೆ. "ಆರು ಮೀಟರ್ ಇಪ್ಪತ್ತು ಸೆಂಟಿಮೀಟರ್" ಎಂದರು, ಜಮೀನಿನ ಸರ್ವೆ ಮುಗಿಸಿದ ಗತ್ತಿನಲ್ಲಿ. ಬಟ್ಟಲಿನ ಪಕ್ಕಕ್ಕೆ ಒಂದು ಒಣಕೊಂಬೆ ನೆಡಿ, ಹಕ್ಕಿ ನೀರಿಗೆ ಇಳಿಯುವ ಮೊದಲು ಅದರ ಮೇಲೆ ಕೂರುತ್ತದೆ, ಹಿಂದೆ ಗೋಡೆ ಬರದಂತೆ ನೋಡಿಕೊಳ್ಳಿ ಎಂದು ಹೇಳಿದೆ. ಜೊತೆಗೆ, ಬಟ್ಟಲನ್ನು ದಿನಕ್ಕೆ ಒಂದು ಗೇಣಿನಂತೆ ಕಿಟಕಿಯ ಕಡೆ ಸರಿಸುತ್ತಾ ಬಂದರೆ ಹಕ್ಕಿಗಳು ಹೆದರದೆ ಹಿಂದೆಯೇ ಬರುತ್ತವೆ ಎಂದೆ.

ನಿನ್ನೆ ಸಂಜೆ ಮತ್ತೆ ಫೋನ್. ಈಗ ಐದೂವರೆಯಂತೆ. ಕ್ಯಾಮೆರಾ ಇನ್ನೂ ಕೊಂಡಿಲ್ಲ.