ಹದಿಮೂರನೇ ಮೂಟೆ

ಇವತ್ತು ಬೆಳಿಗ್ಗೆಯೂ ನನ್ನ ತೂಕ 74.6. ಹನ್ನೊಂದು ದಿನದಿಂದ ಅದೇ 74.6. ಮೆಷಿನ್ ಕೆಟ್ಟಿರಬೇಕು ಅಂತ ಬ್ಯಾಟರಿ ಬದಲಾಯಿಸಿದೆ. 74.8 ತೋರಿಸಿತು. ಹಳೇ ಬ್ಯಾಟರಿಯನ್ನೇ ವಾಪಸ್ ಹಾಕಿದೆ.

ನಮ್ಮದು ಹಳೇ ಕಾಲದ ಮನೆ, ಕೆಂಪು ನೆಲ. ಒಂದೊಂದು ಕಡೆ ಒಂದೊಂದು ವಾಟ. ದೇವರ ಕೋಣೆ ಬಾಗಿಲ ಹತ್ತಿರ ಮೆಷಿನ್ ಇಟ್ಟರೆ ಇನ್ನೂರು ಗ್ರಾಂ ಜಾಸ್ತಿ, ಅಡುಗೆಮನೆ ಕಿಟಕಿ ಕೆಳಗೆ ಇಟ್ಟರೆ ನೂರು ಗ್ರಾಂ ಕಮ್ಮಿ. ಹಾಗಾಗಿ ನಾನು ತೂಕ ನೋಡುವುದು ಅಡುಗೆಮನೆಯಲ್ಲೇ. ಸ್ವೆಟರ್ ತೆಗೆದು, ಬಳೆ ತೆಗೆದು, ಜನವರಿ ಚಳಿಯಲ್ಲಿ ಬರಿಗಾಲಲ್ಲಿ ನಿಲ್ಲಬೇಕು. ನಡುಗಿದರೆ ಅಂಕಿ ನಿಲ್ಲುವುದಿಲ್ಲ. ಉಸಿರು ಬಿಗಿ ಹಿಡಿದು ನಿಂತಾಗಲೇ ಅತ್ತೆ ಒಳಗೆ ಬಂದು, "ಪೂಜೆ ಮುಗೀತಾ? ಒಲೆ ಹತ್ರ ಹೋಗ್ಬೇಕು" ಅನ್ನುತ್ತಾರೆ.

ಹುತ್ತರಿ ಹಬ್ಬ ಮುಗಿದ ಮೇಲೆ ಡಯಟ್ ಶುರು ಮಾಡುತ್ತೇನೆ ಅಂದುಕೊಂಡಿದ್ದೆ. ಆಮೇಲೆ ನಾದಿನಿಯ ಕಡೆ ಒಂದು ಮದುವೆ, ಅದಾದ ಮೇಲೆ ಕ್ರಿಸ್ಮಸ್ ಕೇಕು. ಕೊನೆಗೆ ಜನವರಿ ಒಂದರಂದು ಶುರುವಾಯಿತು. ಕಾರ್ಬ್, ಅಂದರೆ ಪಿಷ್ಟ, ಸಕ್ಕರೆ, ದಿನಕ್ಕೆ ಐವತ್ತು ಗ್ರಾಂ ದಾಟಬಾರದು. ಒಂದು ಕಪ್ ಅನ್ನದಲ್ಲೇ ಸುಮಾರು ನಲವತ್ತೈದು ಗ್ರಾಂ ಮುಗಿದುಹೋಗುತ್ತದೆ. ಆದರೆ ಪಟ್ಟಿಯ ಉಳಿದ ಭಾಗ ಓದಿದಾಗ ಕುಣಿಯುವಷ್ಟು ಖುಷಿಯಾಗಿತ್ತು. ಹಂದಿ ಮಾಂಸ ತಿನ್ನಬಹುದು. ಕೊಬ್ಬಿನ ಸಮೇತ ತಿನ್ನಬಹುದು. ತುಪ್ಪ ಹಾಕ್ಕೊಳ್ಳಬಹುದು. ಇದು ನಮ್ಮ ಕೊಡಗಿನವರಿಗೇ ಬರೆದ ಡಯಟ್ ಅಲ್ವಾ ಅನ್ನಿಸಿತು.

ಪಂದಿಕರಿಯನ್ನು ಯಾವುದರ ಜೊತೆ ತಿನ್ನಬೇಕು ಅನ್ನುವುದು ಆಗ ಹೊಳೆದಿರಲಿಲ್ಲ.

ಮಡಿಕೇರಿಯ ಶುಕ್ರವಾರದ ಸಂತೆಯಿಂದ ಹೂಕೋಸು ತಂದು, ತುರಿದು, ಆವಿಯಲ್ಲಿ ಬೇಯಿಸಿ 'ಅನ್ನ' ಮಾಡಿದೆ. ಮೇಲೆ ಕಾಚಂಪುಳಿಯ ಹುಳಿ ಹಾಕಿದ ಕಪ್ಪು ಗಟ್ಟಿ ಪಂದಿಕರಿ. ಅತ್ತೆ ಒಂದು ಚಮಚ ರುಚಿ ನೋಡಿ, ತಟ್ಟೆ ಮೆಲ್ಲಗೆ ಪಕ್ಕಕ್ಕೆ ಸರಿಸಿ ಕೇಳಿದರು: "ಯಾರಿಗೆ ಹುಷಾರಿಲ್ಲ?"

ನನ್ನ ನಿಜವಾದ ಕಷ್ಟ ಡಯಟ್ ಅಲ್ಲ, ಅತ್ತೆಯ ವಿಂಗಡಣೆ. ಅವರಿಗೆ ಈಗ ಎಪ್ಪತ್ತೊಂಬತ್ತು. "ನಾನು ಅಕ್ಕಿ ಬಿಟ್ಟಿದ್ದೀನಿ ಅತ್ತೆ" ಅಂದಾಗ ಒಂದು ಮಾತೂ ಎದುರಾಡಲಿಲ್ಲ. "ಒಳ್ಳೇದು, ಅನ್ನ ತೂಕಡಿಕೆ ತರುತ್ತೆ" ಅಂದರು. ಮಾರನೇ ದಿನ ತಟ್ಟೆಗೆ ಎರಡು ಅಕ್ಕಿ ರೊಟ್ಟಿ ಬಂತು.

"ಅತ್ತೆ, ಇದು ಅಕ್ಕಿ."

"ಇದು ರೊಟ್ಟಿ."

ಮೂರನೇ ದಿನ ನೂಪುಟ್ಟು. "ಇದು ಬರೀ ಎಳೆ. ನಡುವೆ ಗಾಳಿನೇ ಜಾಸ್ತಿ." ಐದನೇ ದಿನ ಪಾಪುಟ್ಟು. "ಹಾಲು, ಕಾಯಿ. ಸುಮ್ನೆ ಒಂದು ಹಿಡಿ ತರಿ ಉದುರಿಸಿದ್ದೀನಿ." ಭಾನುವಾರ ಪಂದಿಕರಿ ಜೊತೆ ಕಡಂಬುಟ್ಟು ಉಂಡೆ ಬಂತು. ನಾನು ಬಾಯಿ ತೆಗೆಯುವ ಮೊದಲೇ, "ನಿನಗೆ ಅಂತಾನೇ ಸಣ್ಣದು ಕಟ್ಟಿದ್ದೀನಿ" ಅಂದರು. ನಿಜ, ನೆಲ್ಲಿಕಾಯಿ ಗಾತ್ರದವು. ಎಣಿಸಿದೆ. ಹದಿನಾಲ್ಕು ಇದ್ದವು.

ಅವರ ಲೆಕ್ಕ ಆಮೇಲಾಮೇಲೆ ಅರ್ಥವಾಯಿತು. ಅಕ್ಕಿ ಅಕ್ಕಿಯ ಹಾಗೇ ತಟ್ಟೆಯಲ್ಲಿ ಕಂಡರೆ ಮಾತ್ರ ಅದು ಅಕ್ಕಿ. ಬೀಸಿದರೆ, ಕುಟ್ಟಿದರೆ, ಒತ್ತಿದರೆ, ಉಂಡೆ ಕಟ್ಟಿದರೆ ಅದಕ್ಕೆ ಬೇರೆ ಹೆಸರು, ಹೆಸರು ಬೇರೆ ಆದ ಮೇಲೆ ಕುಲವೂ ಬೇರೆ. ಈ ಊರಿನಲ್ಲಿ ಕುಳಿತು ಅಕ್ಕಿಯಿಂದ ಆಗದ ತಿಂಡಿ ಒಂದು ಹೇಳಿ ನೋಡೋಣ!

ನಾನೇನು ಕಮ್ಮಿ ಅಲ್ಲ ಅನ್ನಿ. ಹಿತ್ತಲಿನ ಗಿಡದಲ್ಲಿ ಕಿತ್ತಳೆ ಹಣ್ಣಾಗಿದೆ. ಶಾಲೆಯಿಂದ ಬಂದು ಅಲ್ಲೇ ನಿಂತು ನಾಲ್ಕು ಸುಲಿದು ತಿಂದರೆ ಅದನ್ನು ನಾನು ಬರೆದುಕೊಳ್ಳುವುದಿಲ್ಲ. ಅದು ಕಾರ್ಬ್ ಅಲ್ಲ, ಕಿತ್ತಳೆ.

ಇಷ್ಟಾದರೂ ಮೊದಲ ವಾರ ಮೂರು ಕೆಜಿ ಇನ್ನೂರು ಗ್ರಾಂ ಇಳಿದಿದ್ದೆ. 78.4 ಇದ್ದವಳು 75.2! ಸ್ಟಾಫ್ ರೂಮಿನಲ್ಲಿ ರವಿಕೆಯ ತೋಳು ಎಳೆದು ತೋರಿಸಿದೆ. ಇಬ್ಬರು ಟೀಚರುಗಳಿಗೆ ಉಪದೇಶ ಮಾಡಿದೆ. ವಾರಕ್ಕೆ ಮೂರು ಕೆಜಿ ಅಂದರೆ ಹೋಳಿ ಹುಣ್ಣಿಮೆ ಹೊತ್ತಿಗೆ ಎಷ್ಟಾಗುತ್ತದೆ ಅಂತ ಬೋರ್ಡ್ ಮೇಲೆ ಲೆಕ್ಕ ಹಾಕಿದರೆ, ಹೆಚ್ಚೂಕಮ್ಮಿ ನನ್ನ ಮದುವೆ ಫೋಟೋ ಹತ್ತಿರ ಬಂದಿತ್ತು. ಎರಡನೇ ವಾರ ಆರುನೂರು ಗ್ರಾಂ. ಆಮೇಲೆ ಈ 74.6.

ಆ ಮೊದಲ ವಾರ ಒಂದು ವಿಷಯ ಗಮನಿಸಬೇಕಿತ್ತು. ರಾತ್ರಿ ಮೂರು ಮೂರು ಸಲ ಎದ್ದು ಹೋಗುತ್ತಿದ್ದೆ. ನಮ್ಮ ಬಚ್ಚಲು ಹಿಂದಿನ ಜಗಲಿ ದಾಟಿ ಆಚೆ. ಮಂಜಿನಲ್ಲಿ ಟಾರ್ಚ್ ಹಿಡಿದು ನಾನು, ಹಿಂದೆ ನಾಯಿ. ಮೂರನೇ ಸಲಕ್ಕೆ ಅದೂ ಏಳುವುದು ಬಿಟ್ಟು, ಒಂದು ಕಣ್ಣು ತೆರೆದು ನೋಡಿ ಮಲಗುತ್ತಿತ್ತು.

ಇದು ಬಗೆಹರಿದಿದ್ದು ಕಳೆದ ಶನಿವಾರ, ಕಾಫಿ ವ್ಯಾಪಾರಿಯ ಅಂಗಳದಲ್ಲಿ. ಸಿಪ್ಪೆ ಸಮೇತ ಒಣಗಿದ ರೋಬಸ್ಟಾ ಕಾಫಿ ಚೆರಿ ಹನ್ನೆರಡು ಮೂಟೆ ಪಿಕಪ್‌ಗೆ ಹಾಕಿಕೊಂಡು ಇವರು ಹೊರಟಿದ್ದರು. ನಾನೂ ಹತ್ತಿದೆ. ಅಲ್ಲಿಯದು ದೊಡ್ಡ ತಕ್ಕಡಿ, ದುಡ್ಡಿನ ವ್ಯವಹಾರದ ತಕ್ಕಡಿ. ಅದು ಸುಳ್ಳು ಹೇಳಲಾರದು, ನಮ್ಮನೆಯ ಮೆಷಿನ್ನಿನ ಬಣ್ಣ ಬಯಲಾಗುತ್ತದೆ ಅನ್ನುವುದು ನನ್ನ ಲೆಕ್ಕ.

ತೂಕಕ್ಕೆ ನಿಂತಿದ್ದ ಹುಡುಗ ಏಳನೇ ಕ್ಲಾಸಿನಲ್ಲಿ ನನ್ನ ಹತ್ತಿರ ಗಣಿತ ಕಲಿತವನು. ಮೂಟೆಗಳೆಲ್ಲ ಆದ ಮೇಲೆ ಮೆಲ್ಲಗೆ, "ಒಂದ್ಸಲ ನಾನೂ ನಿಲ್ತೀನಪ್ಪ" ಅಂದೆ. ಅವನು ಗಾಬರಿಯಾದ. ನಾನು ಚಪ್ಪಲಿ, ಸ್ವೆಟರ್, ಶಾಲು ಸಮೇತ ಹತ್ತಿದೆ. ಹಿಂದೆ ಸಾಲಿನಲ್ಲಿದ್ದ ನಾಲ್ಕೈದು ಬೆಳೆಗಾರರು ಮಾತು ನಿಲ್ಲಿಸಿದರು.

"75.6 ಟೀಚರ್." ಆಮೇಲೆ ಒಳ್ಳೇ ವಿದ್ಯಾರ್ಥಿಯ ಹಾಗೆ ಕೇಳಿದ: "ಚೀಲದ ತೂಕ ಕಳೀಲಾ?"

"ಕಳಿ."

ನನ್ನ ಸ್ವೆಟರ್, ಶಾಲು, ಚಪ್ಪಲಿ ಮೇಲೆ ಒಮ್ಮೆ ಕಣ್ಣಾಡಿಸಿ, "ಒಂದು ಕೆಜಿ ಹಿಡಿಯೋಣ" ಅಂದ. "74.6."

ಅಷ್ಟು ಜನರಲ್ಲಿ ಒಬ್ಬನಿಗೆ ಲೆಕ್ಕ ಕಲಿಸಿದ್ದೆ, ಅವನು ಅದನ್ನು ಸರಿಯಾಗಿ ಕಲಿತಿದ್ದ.

ಇವರು ಅಲ್ಲಿಗೇ ಬಿಡಬಹುದಿತ್ತು. ಬಿಡಲಿಲ್ಲ. "ಮಾಯಿಶ್ಚರ್ ನೋಡಿದ್ಯೇನಪ್ಪ? ಓಟಿ ಎಷ್ಟು ಬರುತ್ತೆ?" ಅಂದರು. ಸಾಲಿಗೆ ಸಾಲೇ ನಕ್ಕಿತು. ಕಾಫಿ ಗೊತ್ತಿಲ್ಲದವರಿಗೆ ಹೇಳುತ್ತೇನೆ: ಐವತ್ತು ಕೆಜಿ ಚೆರಿ ಮೂಟೆ ಅಂದರೆ ಐವತ್ತು ಕೆಜಿ ಕಾಫಿ ಅಲ್ಲ. ಸಿಪ್ಪೆ ಬಿಡಿಸಿ ಬೀಜ ತೂಗಿದರೆ ರೋಬಸ್ಟಾಕ್ಕೆ ಇಪ್ಪತ್ತಾರೋ ಇಪ್ಪತ್ತೆಂಟೋ ಕೆಜಿ ಸಿಗುತ್ತದೆ. ಅದೇ ಓಟಿ. ನನ್ನ ಓಟಿ ಎಷ್ಟು ಅಂತ ನಡು ಅಂಗಳದಲ್ಲಿ ಕೇಳಿದ ಗಂಡಸಿನ ಜೊತೆ ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ್ದೇನೆ.

ಸಾಲಿನಲ್ಲಿದ್ದ ಒಬ್ಬ ಹಿರಿಯರು ಮಾತ್ರ ನಗಲಿಲ್ಲ. "ಎಷ್ಟು ದಿನ ಆಯ್ತಮ್ಮ ಶುರು ಮಾಡಿ?" ಅಂತ ಕೇಳಿದರು. ಹೇಳಿದೆ. "ಹಾಗಾದ್ರೆ ಸರಿಯಾಗೇ ಇದೆ. ಹಣ್ಣು ಕಣದಲ್ಲಿ ಹರಡಿದ ಮೊದಲ ನಾಲ್ಕು ದಿನ ಸರಸರ ತೂಕ ಇಳಿಯುತ್ತೆ. ಅದು ಕಾಫಿ ಹೋಗಿದ್ದಲ್ಲ, ನೀರು ಹೋಗಿದ್ದು. ಕೊನೆಯ ನೀರು ಹೋಗ್ಬೇಕಾದ್ರೆ ಬೆಳೆಗಾರನ ಪ್ರಾಣ ಹೋಗುತ್ತೆ."

ಮನೆಗೆ ಬಂದು ಓದಿದರೆ ಅವರು ಹೇಳಿದ್ದೇ ಇತ್ತು. ಅನ್ನದಿಂದ ಬಂದ ಸಕ್ಕರೆಯನ್ನು ಮೈ ಗ್ಲೈಕೋಜನ್ ಅಂತ ಮಾಡಿ ಲಿವರ್‌ನಲ್ಲಿ, ಸ್ನಾಯುಗಳಲ್ಲಿ ಕೂಡಿಡುತ್ತದೆ. ಎಲ್ಲ ಸೇರಿ ಅರ್ಧ ಕೆಜಿ ಇರಬಹುದು. ಆದರೆ ಅದರ ಒಂದೊಂದು ಗ್ರಾಂ ಸುಮಾರು ಮೂರು ಗ್ರಾಂ ನೀರು ಹಿಡಿದುಕೊಂಡಿರುತ್ತದೆ. ಅನ್ನ ನಿಲ್ಲಿಸಿದರೆ ಮೊದಲು ಖಾಲಿಯಾಗುವುದು ಆ ಉಗ್ರಾಣ. ಇನ್ಸುಲಿನ್ ಇಳಿದದ್ದರಿಂದ ಕಿಡ್ನಿ ಉಪ್ಪನ್ನೂ ನೀರನ್ನೂ ಇನ್ನಷ್ಟು ಹೊರಗೆ ಹಾಕುತ್ತದೆ. ಅಂದರೆ ನಾನು ರವಿಕೆ ತೋಳು ಎಳೆದು ತೋರಿಸಿದ್ದು ಬಹುಪಾಲು ನೀರು. ಕೊಬ್ಬು ಹಾಗೆಲ್ಲ ಹೊರಡುವುದಿಲ್ಲ. ಒಂದು ಕೆಜಿ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲರಿ. ದಿನಕ್ಕೆ ಐನೂರು ಉಳಿಸಿದರೂ ಹದಿನೈದು ದಿನ ಬೇಕು. ಲಂಡನ್ನಿನಲ್ಲಿ ವಿಲಿಯಂ ಬ್ಯಾಂಟಿಂಗ್ ಅಂತ ಒಬ್ಬ ಇದ್ದ. ಶವಪೆಟ್ಟಿಗೆ, ಅಂತ್ಯಸಂಸ್ಕಾರ ಅವನ ಕಸುಬು. 1862ರಲ್ಲಿ ಬ್ರೆಡ್ಡು, ಸಕ್ಕರೆ, ಆಲೂಗಡ್ಡೆ, ಬಿಯರ್ ಬಿಟ್ಟು ಒಂದು ವರ್ಷದಲ್ಲಿ ಇಪ್ಪತ್ತೊಂದು ಕೆಜಿ ಇಳಿಸಿದ. ಭಾಗಿಸಿ ನೋಡಿದೆ, ವಾರಕ್ಕೆ ನಾನೂರು ಗ್ರಾಂ. ಅವನ ಮನೆಯಲ್ಲಿ ನನ್ನ ಅತ್ತೆ ಇರಲಿಲ್ಲ.

ಆ ಅತ್ತೆ ಈಗಲೂ ಬೆಳಿಗ್ಗೆ ಐದೂವರೆಗೆ ಎದ್ದು ಬಾಳೆಲೆ ಮೇಲೆ ರೊಟ್ಟಿ ತಟ್ಟುತ್ತಾರೆ. ನಾನು ಮದುವೆಯಾಗಿ ಬಂದಾಗ ಈ ಮನೆಯಲ್ಲಿ ಹದಿನಾರು ಜನ. ಆ ಪಟಪಟ ಶಬ್ದ ಮುಗಿಯುವ ಹೊತ್ತಿಗೆ ಬೆಳಕು ಹರಿದಿರುತ್ತಿತ್ತು. ಈಗ ಮೂವರು, ಎಂಟು ರೊಟ್ಟಿ. ನನ್ನ ಡಯಟ್ ಬಂದ ಮೇಲೆ ಅದೂ ಆರಾಗಿದೆ. ಬೇಗ ಮುಗಿದುಬಿಡುತ್ತದೆ. ಮುಗಿದ ಮೇಲೂ ಅವರು ಹಿಟ್ಟಿನ ಕೈ ತೊಳೆಯದೆ ಒಲೆ ಮುಂದೆ ಸ್ವಲ್ಪ ಹೊತ್ತು ಕೂತಿರುತ್ತಾರೆ.

ಶನಿವಾರ ಸಂಜೆ ಇವರು ತೂಕದ ಚೀಟಿ ಮೇಜಿನ ಮೇಲೆ ಇಟ್ಟಿದ್ದರು. ಈ ಮನೆಯಲ್ಲಿ ಕಾಫಿ ಲೆಕ್ಕ ಅತ್ತೆ ನೋಡದೆ ಕಪಾಟು ಸೇರುವುದಿಲ್ಲ. ಕನ್ನಡಕ ಹಾಕಿಕೊಂಡು ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದಿದರು. ಐವತ್ತು, ಐವತ್ತು, ನಲವತ್ತೊಂಬತ್ತೂವರೆ, ಐವತ್ತು. ಕೊನೆಗೆ ಬೆರಳು ನಿಂತಿತು. ಆ ನನ್ನ ಶಿಷ್ಯ ಅಭ್ಯಾಸಬಲದಿಂದ ಅದನ್ನೂ ಬರೆದುಬಿಟ್ಟಿದ್ದ.

"ಹೋಗಿದ್ದು ಹನ್ನೆರಡು ಮೂಟೆ ತಾನೆ?" ಅಂದರು ಅತ್ತೆ. "ಇದು ಯಾವುದು ಹದಿಮೂರನೇದು, ಇಷ್ಟು ದಪ್ಪ? ಸರಿಯಾಗಿ ಒಣಗಿಸಲಿಲ್ವಾ?"