ಟ್ಯಾಕ್ಸ್ ಕಟ್ಟೋದು ನೀವೊಬ್ಬರೇನಾ?

ಇವತ್ತು ಬಸ್ಸಿನಲ್ಲಿ ತಲೆ ಕೆಟ್ಟುಹೋಯಿತು. ಒಬ್ಬ ಹೆಂಗಸು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟುಕೊಂಡಿದ್ದ ಆಧಾರ್ ಕಾರ್ಡ್ ಬಿಚ್ಚಿ ಕಂಡಕ್ಟರಿಗೆ ತೋರಿಸಿದರು. ಶೂನ್ಯ ದರದ ಟಿಕೆಟ್ ಇಸ್ಕೊಂಡು, ಕಾರ್ಡನ್ನು ಮತ್ತೆ ಅದೇ ಕವರಿನಲ್ಲಿ ಸುತ್ತಿ ಪರ್ಸಿಗೆ ತುರುಕುವಷ್ಟರಲ್ಲಿ ಹಿಂದಿನ ಸೀಟಿನಿಂದ ಒಬ್ಬರು ಶುರು ಮಾಡಿದರು. "ನಮ್ಮ ಟ್ಯಾಕ್ಸ್ ದುಡ್ಡಲ್ಲಿ ಆರಾಮಾಗಿ ಓಡಾಡ್ತಾರೆ ಬಿಡಿ." ಎಲ್ಲರಿಗೂ ಕೇಳಲಿ ಅಂತಲೇ ಹೇಳಿದ್ದು. ಆಕೆ ತಿರುಗಿಯೂ ನೋಡಲಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ಇದನ್ನು ಕೇಳಿ ಕೇಳಿ ಸಾಕಾಗಿರಬೇಕು.

ನಮ್ಮ ಟ್ಯಾಕ್ಸ್ ಅಂದರೆ ಯಾರದ್ದು ಸ್ವಾಮಿ?

ಆಕೆಯ ಕೈಯಲ್ಲೂ ಒಂದು ಮೊಬೈಲ್ ಇತ್ತು. ಅದಕ್ಕೆ 199 ರೂಪಾಯಿ ರೀಚಾರ್ಜ್ ಹಾಕಿಸಿದರೆ ಅದರಲ್ಲಿ 30 ರೂಪಾಯಿ ಜಿಎಸ್‌ಟಿ. 18 ಪರ್ಸೆಂಟ್, ಲೆಕ್ಕ ಹಾಕಿ ನೋಡಿ. ಸೋಪು, ಟೂತ್‌ಪೇಸ್ಟು, ತಲೆಗೆ ಹಚ್ಚುವ ಎಣ್ಣೆಗೂ 2025ರ ಸೆಪ್ಟೆಂಬರ್‌ವರೆಗೆ ಅಷ್ಟೇ ಇತ್ತು, ಈಗ 5ಕ್ಕೆ ಇಳಿದಿದೆ. ತರಕಾರಿ ತರುವ ಲಾರಿಯ ಡೀಸೆಲ್ಲಿಗೆ ಕೇಂದ್ರದ್ದೊಂದು ತೆರಿಗೆ, ರಾಜ್ಯದ್ದೊಂದು ತೆರಿಗೆ. ಅದೆಲ್ಲ ಕೊನೆಗೆ ಬಂದು ಬೀಳುವುದು ಕೊಳ್ಳುವವರ ತಲೆ ಮೇಲೆ. ಜಿಎಸ್‌ಟಿ ಯಾರ ಸಂಬಳದ ಚೀಟಿಯನ್ನೂ ಕೇಳುವುದಿಲ್ಲ. ಹಿಂದಿನ ಸೀಟಿನ ಮಹಾಶಯರೂ ಅದೇ ರೀಚಾರ್ಜಿಗೆ ಅದೇ 30 ರೂಪಾಯಿ ಕೊಡುತ್ತಾರೆ. ಅವರಿಗೆ ಅದು ಗೊತ್ತೇ ಆಗಲ್ಲ, ಆಕೆಗೆ ಗೊತ್ತಾಗುತ್ತದೆ.

ಸಂಬಳದಲ್ಲಿ ಎಷ್ಟು ತೆರಿಗೆ ಹಿಡಿದರು ಅಂತ ತೋರಿಸುವ ಫಾರ್ಮ್ 16 ಕೈಗೆ ಬಂದಾಗ ನನಗೂ ಹೊಟ್ಟೆ ಉರಿಯುತ್ತದೆ. ಸುಳ್ಳು ಯಾಕೆ ಹೇಳಲಿ? ಆದರೆ ನಾನು ಓದಿದ್ದು ಸರ್ಕಾರಿ ಹಾಸ್ಟೆಲ್ಲಿನಲ್ಲಿ ಅಂತ ನಿಮಗೆಲ್ಲ ಗೊತ್ತೇ ಇದೆ. ಅಲ್ಲಿ ನಾನು ಉಂಡ ಅನ್ನಕ್ಕೆ ಯಾರ್ಯಾರ ಬೀಡಿ, ಬೆಂಕಿಪೊಟ್ಟಣದ ತೆರಿಗೆ ಸೇರಿತ್ತೋ.

ಸಿಟ್ಟು ಬರಲಿ, ಬೇಡ ಅನ್ನಲ್ಲ. ದಿಕ್ಕು ಮಾತ್ರ ಸರಿಯಿರಲಿ. 2019ರ ಸೆಪ್ಟೆಂಬರ್‌ನಲ್ಲಿ ಕಂಪನಿಗಳ ತೆರಿಗೆಯನ್ನು 30ರಿಂದ 22 ಪರ್ಸೆಂಟಿಗೆ ಇಳಿಸಿದರು. ಬೇರೆ ವಿನಾಯಿತಿಗಳನ್ನು ಬಿಟ್ಟುಕೊಡುವ ಕಂಪನಿಗಳಿಗೆ ಅನ್ನುವ ಷರತ್ತೇನೋ ಇತ್ತು. ಮತ್ತಿತರ ರಿಯಾಯಿತಿ ಸೇರಿ ವರ್ಷಕ್ಕೆ 1.45 ಲಕ್ಷ ಕೋಟಿ ಖೋತಾ ಅಂತ ಸರ್ಕಾರವೇ ಅಂದಾಜು ಕೊಟ್ಟಿತು. ಆಗ ಯಾವ ಬಸ್ಸಿನ ಯಾವ ಸೀಟಿನಿಂದಲೂ ದನಿ ಏಳಲಿಲ್ಲ. 2023-24ರ ಹೊತ್ತಿಗೆ ಕಂಪನಿಗಳೆಲ್ಲ ಸೇರಿ ಕಟ್ಟಿದ ತೆರಿಗೆಗಿಂತ ಜನರು ಕಟ್ಟಿದ ಆದಾಯ ತೆರಿಗೆಯೇ ಜಾಸ್ತಿ. ಸಂಬಳದವರ ಬೆನ್ನು ಬಾಗಿರುವುದು ನಿಜ. ಅದನ್ನು ಬಗ್ಗಿಸಿದ್ದು ಬಸ್ಸಿನ ಆ ಹೆಂಗಸಾ?

ಕಂಪನಿಗಳು ಕೆಲಸ ಕೊಡುತ್ತವಲ್ಲ ಅಂತ ಕೇಳುವವರು ಇದ್ದೇ ಇರುತ್ತಾರೆ. ಕೊಡುತ್ತವೆ, ಮಾಲು ಖರ್ಚಾಗುವ ಹಾಗಿದ್ದರೆ. ಕೊಳ್ಳುವವರ ಕೈಯಲ್ಲಿ ಕಾಸಿಲ್ಲದಿದ್ದರೆ ತೆರಿಗೆ ಉಳಿಯಿತು ಅಂತ ಯಾರೂ ಹೊಸ ಫ್ಯಾಕ್ಟರಿ ಕಟ್ಟಲ್ಲ. ಆ ಹೆಂಗಸಿನ ಬಸ್ ಚಾರ್ಜ್ ಉಳಿದರೆ ಅದು ಸಂಜೆಯೊಳಗೆ ಯಾವುದೋ ಅಂಗಡಿ ಗಲ್ಲಾಪೆಟ್ಟಿಗೆ ಸೇರಿರುತ್ತದೆ. ಹಾಂ, ಸಾರಿಗೆ ನಿಗಮಗಳಿಗೆ ಸರ್ಕಾರ ದುಡ್ಡು ಬಾಕಿ ಉಳಿಸಿಕೊಳ್ಳುತ್ತದೆ, ಬಸ್ಸುಗಳೂ ಸಾಲುತ್ತಿಲ್ಲ. ಅದಕ್ಕೆ ಬೈಯಿರಿ, ನಾನೂ ಜೊತೆಗೆ ಬರ್ತೀನಿ.

ಇನ್ನೊಂದು ವಿಷಯ ಕೇಳಿ. ಅಪ್ಪ ಬಿಟ್ಟುಹೋದ ಸಾವಿರ ಕೋಟಿ ಮಗನ ಕೈಗೆ ಬಂದರೆ ಈ ದೇಶದಲ್ಲಿ ಪಿತ್ರಾರ್ಜಿತಕ್ಕೆ ಅಂತ ಒಂದು ಪೈಸೆ ತೆರಿಗೆ ಇಲ್ಲ. ಇದ್ದ ಎಸ್ಟೇಟ್ ಡ್ಯೂಟಿಯನ್ನು 1985ರಲ್ಲಿ ತೆಗೆದರು. ಸಂಪತ್ತಿನ ತೆರಿಗೆಯನ್ನು 2015ರ ಬಜೆಟ್‌ನಲ್ಲಿ ಕೈಬಿಟ್ಟರು. ಅದರಿಂದ ಬರುತ್ತಿದ್ದದ್ದೇ ವರ್ಷಕ್ಕೆ ಸಾವಿರ ಕೋಟಿ ಚಿಲ್ಲರೆ, ವಸೂಲಿಯ ಖರ್ಚೇ ಜಾಸ್ತಿ ಅಂದರು. ಬರೋದು ಹೇಗೆ? ಷೇರುಗಳನ್ನು ಆ ಲೆಕ್ಕದಿಂದ ಹೊರಗಿಟ್ಟು ಎಷ್ಟೋ ವರ್ಷವಾಗಿತ್ತು. ದೊಡ್ಡ ಸಾಹುಕಾರರ ಸಂಪತ್ತೆಲ್ಲ ಇರುವುದೇ ಷೇರುಗಳಲ್ಲಿ. ಬದಲಿಗೆ ಒಂದು ಕೋಟಿ ಮೀರಿದ ಆದಾಯಕ್ಕೆ ಸರ್‌ಚಾರ್ಜನ್ನು, ಅಂದರೆ ತೆರಿಗೆಯ ಮೇಲಿನ ತೆರಿಗೆಯನ್ನು, 2 ಪರ್ಸೆಂಟ್ ಏರಿಸಿದರು, ಸರಿ. ಅದು ಆದಾಯಕ್ಕೆ ಬಿತ್ತು. ಆಸ್ತಿ ಸುಮ್ನೆ ಕೂತು ಬೆಳೆಯುತ್ತಲೇ ಇದೆ.

"ಹಾಗಾದ್ರೆ ನೀನೇ ಜಾಸ್ತಿ ಟ್ಯಾಕ್ಸ್ ಕಟ್ಟು" ಅಂತ ಕಾಮೆಂಟ್ ಟೈಪ್ ಮಾಡ್ತಿರೋರಿಗೆ ಈಗಲೇ ಹೇಳಿಬಿಡ್ತೀನಿ. ಎಸ್ಟೇಟ್ ಡ್ಯೂಟಿ ವಾಪಸ್ ತರಲಿ. ನನ್ನ ಹೆಸರಿಗಿರೋ ಒಂದು ಸೈಟು ಅದರ ಲೆಕ್ಕಕ್ಕೆ ಬಂದರೆ ನನ್ನ ಮಗಳು ಕಟ್ಟುತ್ತಾಳೆ. ಅವಳನ್ನು ಕೇಳಿಯೇ ಬರೀತಿದ್ದೀನಿ.